ಹಳೆಯ ಪುಟಗಳು ಪುಡಿಯಾಗುವ ಮುನ್ನ: ಐಸ್‌ಲ್ಯಾಂಡಿನ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಹೊಣೆ ಹೊತ್ತ ಮಾನ್ಯ ಸಚಿವರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯ ಸಚಿವರಿಗೆ, ಹಾಗೂ ಕನ್ನಡ ಪತ್ರಿಕೆಗಳ ಎಲ್ಲ ಓದುಗರಿಗೆ,

ಮಾನ್ಯರೇ,

ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕರಡು ತಿದ್ದಿದವನು ನಾನು. ನಿವೃತ್ತನಾದ ಮೇಲೆ, 1930ರ ದಶಕದ ಮಾಸಪತ್ರಿಕೆಯೊಂದರಲ್ಲಿ ನಮ್ಮೂರಿನ ಕೆರೆಯ ಬಗ್ಗೆ ಬಂದಿದ್ದ ಬರಹವನ್ನು ಹುಡುಕಿಕೊಂಡು ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಅದು ಯಾವ ಗ್ರಂಥಾಲಯವೆಂದು ಹೇಳುವ ಅಗತ್ಯವಿಲ್ಲ. ಅಲ್ಲಿದ್ದ ಸಿಬ್ಬಂದಿ ತಮ್ಮ ಕೈಲಾದುದನ್ನೆಲ್ಲ ಮಾಡಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಸಂಪುಟವನ್ನು ಮೇಲಿನ ಕಪಾಟಿನಿಂದ ಇಳಿಸಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಗಂಟು ಬಿಚ್ಚಿಕೊಟ್ಟರು. ಮೊದಲ ಎರಡು ಹಾಳೆಗಳು ತಿರುಗಿದವು. ಮೂರನೆಯದನ್ನು ಎತ್ತಿದಾಗ ಅಂಚು ನನ್ನ ಬೆರಳಲ್ಲೇ ಉಳಿಯಿತು, ಹಾಳೆ ಮಾತ್ರ ಅಲ್ಲೇ ಇತ್ತು. ಇನ್ನೊಂದು ಸಲ ಪ್ರಯತ್ನಿಸಿದೆ. ಎರಡು ಅಂಕಣಗಳ ನಡುವಿನ ಗೆರೆಯುದ್ದಕ್ಕೂ ಪುಟ ಸೀಳಿ, ಒಣಗಿದ ಹಪ್ಪಳದಂತೆ ಮುರಿದು, ಕಂದು ಬಣ್ಣದ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಆ ಪುಡಿಯಲ್ಲಿ ಒಂದೊಂದು ಅಕ್ಷರ, ಒಂದು ಒತ್ತು, ಒಂದು ದೀರ್ಘ ಇನ್ನೂ ಕಾಣುತ್ತಿದ್ದವು. ಸಿಬ್ಬಂದಿಯವರು ಬೇಸರದಿಂದ, ಆ ವರ್ಷದ್ದು ಬೇರೆಲ್ಲೂ ಇರುವುದು ತಮಗೆ ಗೊತ್ತಿಲ್ಲವೆಂದರು. ನಾನು ಸಂಪುಟವನ್ನು ಮತ್ತೆ ಕಟ್ಟಿಸಿ, ಬೇಕಾದುದನ್ನು ಓದದೆಯೇ ಹಿಂದಿರುಗಿದೆ. ಓದುವುದೆಂದರೆ ಅಳಿಸುವುದು ಎಂಬ ಸ್ಥಿತಿಗೆ ಆ ಪುಸ್ತಕ ಬಂದು ಮುಟ್ಟಿತ್ತು.

ಅಂದು ರಾತ್ರಿ ಮನೆಯಲ್ಲಿ ಕುಳಿತು, ಬಹಳ ದಿನಗಳಿಂದ ಕೇಳಿದ್ದರೂ ನೋಡಿರದ ಒಂದು ಜಾಲತಾಣವನ್ನು ಫೋನಿನಲ್ಲಿ ತೆರೆದೆ. ಉತ್ತರ ಅಟ್ಲಾಂಟಿಕ್ ಸಮುದ್ರದ ದ್ವೀಪದೇಶವಾದ ಐಸ್‌ಲ್ಯಾಂಡಿನ ರಾಷ್ಟ್ರೀಯ ಗ್ರಂಥಾಲಯ ನಡೆಸುವ, 'ಟೀಮಾರಿಟ್' ಎಂಬ ಹೆಸರಿನ ಸಂಗ್ರಹ ಅದು. ಆ ಪದಕ್ಕೆ ಕಾಲದ ಬರಹ ಎಂದು ಅರ್ಥ; ನಾವು ನಿಯತಕಾಲಿಕ ಎನ್ನುತ್ತೇವಲ್ಲ, ಅದೇ. 1848ರ ನವೆಂಬರಿನಲ್ಲಿ ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಅಚ್ಚಾದ 'ಥ್ಯೋದೋಲ್ಫುರ್' ಪತ್ರಿಕೆಯ ಮೊದಲ ಸಂಚಿಕೆ, ಕಾಗದದ ಕಲೆ, ಮಸಿಯ ಏರಿಳಿತಗಳ ಸಮೇತ ನನ್ನ ಅಂಗೈಯಲ್ಲಿತ್ತು. ದುಡ್ಡು ಕೇಳಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ, ಯಾರ ಶಿಫಾರಸನ್ನೂ ಕೇಳಲಿಲ್ಲ. ಆ ಭಾಷೆಯ ಒಂದಕ್ಷರವೂ ಬಾರದ ನಾನು ಸುಮ್ಮನೆ ಪುಟ ತಿರುಗಿಸುತ್ತಾ ಹೋದೆ. ಯಾವ ಪುಟವೂ ಮುರಿಯಲಿಲ್ಲ.

ಈ ಪತ್ರ ಬರೆಯಲು ಕಾರಣ ಆ ಒಂದು ಹಗಲು ಮತ್ತು ಆ ಒಂದು ರಾತ್ರಿ. ಐಸ್‌ಲ್ಯಾಂಡಿನ ಜನಸಂಖ್ಯೆ ಇಂದಿಗೂ 4 ಲಕ್ಷದೊಳಗಿದೆ. ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಜನರಿರುವ ಕೊಡಗು ಜಿಲ್ಲೆಯಲ್ಲೇ 2011ರ ಜನಗಣತಿಯಂತೆ ಐದೂವರೆ ಲಕ್ಷ ಜನರಿದ್ದರು. ಅದೇ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4 ಕೋಟಿ 37 ಲಕ್ಷ. ನಮ್ಮ ಒಂದು ಜಿಲ್ಲೆಗಿಂತ ಚಿಕ್ಕದಾದ ಜನಸಮುದಾಯವೊಂದು ತನ್ನ ಎರಡೂವರೆ ಶತಮಾನಗಳ ಪತ್ರಿಕೆಗಳನ್ನು ಹೇಗೆ ಉಳಿಸಿಕೊಂಡಿತು ಎಂಬುದನ್ನು ತಮ್ಮ ಗಮನಕ್ಕೆ ತರುವುದು, ನಾವೂ ಅದನ್ನು ಮಾಡಬೇಕೆಂದು ಕೇಳಿಕೊಳ್ಳುವುದು ನನ್ನ ಉದ್ದೇಶ.

ಐಸ್‌ಲ್ಯಾಂಡಿಗೆ ಅಚ್ಚುಯಂತ್ರ ಬಂದದ್ದು ಬಹಳ ಬೇಗ. 1530ರ ಸುಮಾರಿಗೆ ಉತ್ತರದ ಹೋಲಾರ್ ಎಂಬಲ್ಲಿ ಬಿಷಪ್ ಯೋನ್ ಅರಾಸನ್ ಅದನ್ನು ತರಿಸಿದರು. ಆದರೆ ಮುಂದಿನ ಎರಡೂಕಾಲು ಶತಮಾನಗಳಿಗೂ ಹೆಚ್ಚು ಕಾಲ ಅಚ್ಚು ಚರ್ಚಿನ ಕೈಯಲ್ಲಿದ್ದುದರಿಂದ ಬಹುಪಾಲು ಧರ್ಮಗ್ರಂಥಗಳೇ ಹೊರಬಂದವು. ಖಾಸಗಿಯವರ ಮೊದಲ ಅಚ್ಚುಕೂಟ ಹುಟ್ಟಿದ್ದು 1773ರಲ್ಲಿ, ಪಶ್ಚಿಮದ ಬ್ರೇದಾಫ್ಯೋರ್ದುರ್ ಕೊಲ್ಲಿಯ ಹ್ರಾಪ್ಸೇ ಎಂಬ ಪುಟ್ಟ ದ್ವೀಪದಲ್ಲಿ. ಅದೇ ವರ್ಷ ಮಾಗ್ನೂಸ್ ಕೆಟಿಲ್ಸನ್ ಎಂಬ ಅಧಿಕಾರಿಯ ಸಂಪಾದಕತ್ವದಲ್ಲಿ ಮಾಸಿಕ ಸುದ್ದಿಪತ್ರವೊಂದು ಆರಂಭವಾಗಿ 1776ರವರೆಗೆ ನಡೆಯಿತು. ದೇಶದ ಆ ಮೊದಲ ಪತ್ರಿಕೆ ಇದ್ದುದು ದೇಶದ ಭಾಷೆಯಲ್ಲಲ್ಲ, ಆಳುತ್ತಿದ್ದವರ ಡ್ಯಾನಿಷ್ ಭಾಷೆಯಲ್ಲಿ. ಕಾರಣ ಸ್ಪಷ್ಟ: ಐಸ್‌ಲ್ಯಾಂಡಿನ ಮೀನು, ಕುರಿ, ಹಿಮ, ಹಸಿವುಗಳ ಸುದ್ದಿಯನ್ನು ತಿಳಿಯಬೇಕಾದ ದೊರೆಗಳು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿದ್ದರು. ಅದಾದ ಹತ್ತೇ ವರ್ಷಕ್ಕೆ, 1783ರಲ್ಲಿ, ಲಾಕಿ ಜ್ವಾಲಾಮುಖಿ ಬಾಯ್ದೆರೆದು ದನಕುರಿಗಳು ಸತ್ತು, ಕ್ಷಾಮ ಬಂದು, ದೇಶದ ಐದನೇ ಒಂದು ಭಾಗದಷ್ಟು ಜನ ಕಣ್ಮುಚ್ಚಿದರು. ಉಳಿದವರ ಸಂಖ್ಯೆ ಐವತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಇಂಥ ಜನರಿಗೆ ಪತ್ರಿಕೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದಾಗಿತ್ತು.

ಅವರ ಭಾಷೆಯಲ್ಲಿ ಪತ್ರಿಕೆಗೆ 'ಬ್ಲಾದ್' ಎನ್ನುತ್ತಾರೆ; ಆ ಪದಕ್ಕೆ ಗಿಡದ ಎಲೆ ಎಂದೂ, ಕಾಗದದ ಹಾಳೆ ಎಂದೂ ಅರ್ಥವಿದೆ. ನಮ್ಮ 'ಪತ್ರ' ಶಬ್ದಕ್ಕೂ ಎಲೆಯೇ ಮೂಲಾರ್ಥ. ತುಳಸಿಪತ್ರ, ಬಿಲ್ವಪತ್ರೆಗಳ ಮನೆಯವಳೇ ನಮ್ಮ ಪತ್ರಿಕೆ. ಕರಡು ತಿದ್ದುತ್ತಾ ಬದುಕಿದವನಿಗೆ ಇಂಥ ಸಂಗತಿ ಕಂಡರೆ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾಗುವುದಿಲ್ಲ, ಮನ್ನಿಸಬೇಕು.

ಐಸ್‌ಲ್ಯಾಂಡಿಕ್ ಭಾಷೆಯ ಪತ್ರಿಕೆಗಳಿಗೆ ನಿಜವಾದ ಜೀವ ಬಂದದ್ದು ಊರಿನಿಂದ ದೂರ, ಕೋಪನ್‌ಹೇಗನ್‌ಗೆ ಓದಲು ಹೋಗಿದ್ದ ಹುಡುಗರಿಂದ. 1816ರಲ್ಲಿ ಡ್ಯಾನಿಷ್ ಭಾಷಾವಿಜ್ಞಾನಿ ರಾಸ್ಮುಸ್ ರಾಸ್ಕ್ ಅವರ ಒತ್ತಾಸೆಯಿಂದ ಐಸ್‌ಲ್ಯಾಂಡಿಕ್ ಸಾಹಿತ್ಯ ಸಂಘ ಸ್ಥಾಪನೆಯಾಗಿತ್ತು. ಅದು 1827ರಲ್ಲಿ ಆರಂಭಿಸಿದ 'ಸ್ಕಿರ್ನಿರ್' ಇಂದಿಗೂ ಪ್ರಕಟವಾಗುತ್ತಿದೆ. 1835ರಲ್ಲಿ ನಾಲ್ವರು ಯುವಕರು ಕೂಡಿ 'ಫ್ಯೋಲ್ನಿರ್' ಎಂಬ ವಾರ್ಷಿಕ ಪತ್ರಿಕೆ ತಂದರು. ಅವರಲ್ಲೊಬ್ಬ ಕವಿ ಯೋನಾಸ್ ಹಾಲ್‌ಗ್ರಿಮ್ಸನ್. ಆತ ನಿಸರ್ಗವಿಜ್ಞಾನಿಯೂ ಹೌದು. ಖಗೋಳಶಾಸ್ತ್ರವನ್ನು ತನ್ನ ಭಾಷೆಗೆ ತರುವಾಗ ಗುರುತ್ವಾಕರ್ಷಣೆ, ಗ್ರಹಕಕ್ಷೆಯಂಥ ಪರಿಕಲ್ಪನೆಗಳಿಗೆ ಹಳೆಯ ಬೇರುಗಳಿಂದಲೇ ಪದಗಳನ್ನು ಕಟ್ಟಿಕೊಟ್ಟವನು. ಅದೇ ಪತ್ರಿಕೆಯ 1837ರ ಸಂಪುಟದಲ್ಲಿ ಆತ, ಜನ ತಲೆದೂಗುತ್ತಿದ್ದ ಸಾಂಪ್ರದಾಯಿಕ ಕಥನಕಾವ್ಯವೊಂದನ್ನು ಎಷ್ಟು ಕಟುವಾಗಿ ವಿಮರ್ಶಿಸಿದನೆಂದರೆ ಆ ಜಗಳವನ್ನು ಅಲ್ಲಿಯ ಸಾಹಿತ್ಯಚರಿತ್ರೆ ಇನ್ನೂ ಮರೆತಿಲ್ಲ. ಇನ್ನೊಬ್ಬ ಗೆಳೆಯ ಕೋನ್ರಾದ್ ಗಿಸ್ಲಾಸನ್ ಕಾಗುಣಿತ ಉಚ್ಚಾರಣೆಯನ್ನು ಅನುಸರಿಸಬೇಕೆಂದು ಹಟ ಹಿಡಿದ. ಪತ್ರಿಕೆಯೇ ಕೆಲಕಾಲ ಆ ಹೊಸ ಕಾಗುಣಿತದಲ್ಲಿ ಅಚ್ಚಾಯಿತು. ಓದುಗರು ಅದನ್ನು ಒಪ್ಪಲಿಲ್ಲ. ಯೋನಾಸ್ 1845ರಲ್ಲಿ ಇನ್ನೂ ನಲವತ್ತು ತುಂಬುವ ಮುನ್ನ ತೀರಿಕೊಂಡ. 1847ರಲ್ಲಿ ಫ್ಯೋಲ್ನಿರ್ ನಿಂತುಹೋಯಿತು. ಬಂದದ್ದು ಒಟ್ಟು ಒಂಬತ್ತೇ ಸಂಪುಟಗಳು. ಆ ಒಂಬತ್ತರಲ್ಲಿ ಒಂದು ಕಳೆದುಹೋಗಿದ್ದರೂ ಆ ಭಾಷೆಯ ಆಧುನಿಕ ಕಾಲದ ಕಥೆಯಲ್ಲಿ ಒಂದು ಅಧ್ಯಾಯವೇ ಹರಿದುಹೋಗುತ್ತಿತ್ತು.

ಯೋನ್ ಸಿಗುರ್ದ್ಸನ್ ಅವರ ಹೆಸರನ್ನು ಐಸ್‌ಲ್ಯಾಂಡಿನಲ್ಲಿ ಕೇಳದವರಿಲ್ಲ. ಅವರ ಹುಟ್ಟಿದ ದಿನ ಜೂನ್ 17 ಅಲ್ಲಿ ರಾಷ್ಟ್ರೀಯ ದಿನ. ಅವರೂ ಕೋಪನ್‌ಹೇಗನ್‌ನಲ್ಲೇ ಬದುಕಿದವರು, ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದ ವಿದ್ವಾಂಸರು. 1841ರಿಂದ 1873ರವರೆಗೆ ಅವರು ನಡೆಸಿದ 'ನೀ ಫ್ಯೆಲಾಗ್ಸ್‌ರಿಟ್' ಪತ್ರಿಕೆ ಮುಕ್ತ ವ್ಯಾಪಾರ, ಶಾಲೆ, ಸ್ವಂತ ಶಾಸನಸಭೆ ಇವುಗಳ ಕುರಿತು ವರ್ಷದಿಂದ ವರ್ಷಕ್ಕೆ, ಅಂಕಿಅಂಶ ಮತ್ತು ಹಳೆಯ ಒಪ್ಪಂದಗಳ ಆಧಾರದ ಮೇಲೆ ವಾದ ಮಂಡಿಸುತ್ತಾ ಹೋಯಿತು. 1851ರ ರಾಷ್ಟ್ರೀಯ ಸಭೆಯನ್ನು ಡ್ಯಾನಿಷ್ ದೊರೆಯ ಪ್ರತಿನಿಧಿ ಏಕಾಏಕಿ ಮುಕ್ತಾಯಗೊಳಿಸಿದಾಗ ಸದಸ್ಯರು ಎದ್ದು ನಿಂತು 'ನಾವೆಲ್ಲರೂ ಪ್ರತಿಭಟಿಸುತ್ತೇವೆ' ಎಂದ ಮಾತು ಅಲ್ಲಿನ ಮಕ್ಕಳಿಗೂ ಗೊತ್ತು. ಆ ಮಾತಿನ ಹಿಂದೆ ಹತ್ತು ವರ್ಷಗಳ ಪತ್ರಿಕೆಯ ಓದು ಇತ್ತು. 1855ರಲ್ಲಿ ಎಲ್ಲ ದೇಶಗಳೊಡನೆ ವ್ಯಾಪಾರ ಮುಕ್ತವಾಯಿತು, 1874ರಲ್ಲಿ ಸಂವಿಧಾನ ಬಂತು, 1904ರಲ್ಲಿ ಸ್ವಯಮಾಡಳಿತ, 1918ರಲ್ಲಿ ಸಾರ್ವಭೌಮತ್ವ, 1944ರಲ್ಲಿ ಗಣರಾಜ್ಯ. ಸೈನ್ಯವಿಲ್ಲದ, ರಕ್ತಪಾತವಿಲ್ಲದ ಆ ಸ್ವಾತಂತ್ರ್ಯ ಹೋರಾಟದ ಬಹುಭಾಗ ನಡೆದದ್ದು ಅಚ್ಚಾದ ಪುಟಗಳಲ್ಲಿ. ಹೀಗಾಗಿ ಅವರಿಗೆ ಹಳೆಯ ಪತ್ರಿಕೆಯೆಂದರೆ ರದ್ದಿಯಲ್ಲ, ದೇಶ ಹುಟ್ಟಿದ ದಾಖಲೆ.

ನಾನು ಫೋನಿನಲ್ಲಿ ಮೊದಲು ತೆರೆದ ಥ್ಯೋದೋಲ್ಫುರ್‌ನ ಕಥೆಯನ್ನು ಇಲ್ಲಿ ಹೇಳಲೇಬೇಕು. ಸ್ವೇನ್‌ಬ್ಯೋರ್ನ್ ಹಾಲ್‌ಗ್ರಿಮ್ಸನ್ ಎಂಬ ಯುವ ಪಾದ್ರಿ ಅದರ ಸ್ಥಾಪಕ ಸಂಪಾದಕ. ಯೂರೋಪಿನಲ್ಲೆಲ್ಲ ಕ್ರಾಂತಿಯ ಗಾಳಿ ಬೀಸುತ್ತಿದ್ದ ಕಾಲ. ಪತ್ರಿಕೆ ಅಧಿಕಾರಿಗಳನ್ನು ಪ್ರಶ್ನಿಸತೊಡಗಿತು. 1850ರಲ್ಲಿ ಅಧಿಕಾರಿಗಳು ಅದರ ಮುದ್ರಣವನ್ನು ನಿರಾಕರಿಸಿದರು. ಆಗ ಇಡೀ ದೇಶದಲ್ಲಿದ್ದುದು ಒಂದೇ ಅಚ್ಚುಕೂಟ, ಅದೂ ಸರ್ಕಾರದ ಹಿಡಿತದಲ್ಲಿ. ಪತ್ರಿಕೆಯನ್ನು ನಿಷೇಧಿಸುವ ಆಜ್ಞೆಯೇ ಬೇಕಿರಲಿಲ್ಲ. ಅಚ್ಚಿನ ಮೊಳೆ ಜೋಡಿಸುವುದಿಲ್ಲ ಎಂದರೆ ಸಾಕಾಗಿತ್ತು. ಸ್ವೇನ್‌ಬ್ಯೋರ್ನ್ ಹಡಗು ಹತ್ತಿ ಕೋಪನ್‌ಹೇಗನ್‌ಗೆ ಹೋಗಿ, ಹೆಸರಿನ ಮೊದಲ ಅಕ್ಷರಗಳನ್ನು ಬದಲಿಸಿ, 'ಹ್ಲ್ಯೋದೋಲ್ಫುರ್' ಎಂಬ ಹೆಸರಿನಲ್ಲಿ ಸಂಚಿಕೆಯನ್ನು ಅಲ್ಲೇ ಅಚ್ಚು ಹಾಕಿಸಿ ತಂದರು. ಥ್ಯೋದ್ ಎಂದರೆ ಜನತೆ, ಹ್ಲ್ಯೋದ್ ಎಂದರೆ ದನಿ. ಒಂದು ಸಂಚಿಕೆಗಾಗಿ ಅಟ್ಲಾಂಟಿಕ್ ಸಮುದ್ರವನ್ನು ದಾಟಿದ ಸಂಪಾದಕನನ್ನು ನೆನೆದರೆ ನನಗೆ ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು ನೆನಪಾಗುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ನಿಯಂತ್ರಣ ಕಾಯ್ದೆ ತಂದಾಗ, ಅದಕ್ಕೆ ತಲೆಬಾಗಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲೆಂದು ಅವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅವರೂ ಪತ್ರಿಕಾ ಧರ್ಮಕ್ಕಾಗಿ ತೆತ್ತವರೇ. ಸ್ವೇನ್‌ಬ್ಯೋರ್ನ್ ಅವರ ಆ ಸಂಚಿಕೆಯನ್ನು ಇಂದು ಪ್ರಪಂಚದ ಯಾವ ಮೂಲೆಯಿಂದಲೂ ಓದಬಹುದು. ವೆಂಕಟಕೃಷ್ಣಯ್ಯನವರ 'ವೃತ್ತಾಂತ ಚಿಂತಾಮಣಿ'ಯ ಸಂಚಿಕೆಗಳನ್ನು ಸಾಲಾಗಿ ಓದಬಯಸುವ ಹೈಸ್ಕೂಲು ಹುಡುಗಿಗೆ ನಾವು ಯಾವ ವಿಳಾಸ ಕೊಡುತ್ತೇವೆ?

ಆ ಪತ್ರಿಕೆಗಳನ್ನು ಜನ ಓದುತ್ತಿದ್ದ ಬಗೆಯನ್ನೂ ಕೇಳಬೇಕು. ಚಳಿಗಾಲದಲ್ಲಿ ಹಗಲು ನಾಲ್ಕೈದು ಗಂಟೆಯೂ ಇರದ ನಾಡು. ಹುಲ್ಲುಮಣ್ಣಿನ ಗೋಡೆಯ ಮನೆಯೊಳಗೆ, ಮಲಗುವ, ಉಣ್ಣುವ, ದುಡಿಯುವ ಒಂದೇ ಕೋಣೆಯಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ, ಆಳುಕಾಳು ಎಲ್ಲರೂ ಉಣ್ಣೆ ಹಿಂಜುತ್ತಾ ನೂಲುತ್ತಾ ಹೆಣೆಯುತ್ತಾ ಕೂರುತ್ತಿದ್ದರು; ಒಬ್ಬರು ದೀಪದ ಬಳಿ ಕುಳಿತು ಗಟ್ಟಿಯಾಗಿ ಓದುತ್ತಿದ್ದರು. ಪುರಾಣಕಥೆ, ಸುವಾರ್ತೆ, ಪದ್ಯಗಳ ಜೊತೆಗೆ ಆ ದೀಪದ ಬಳಿಗೆ ಪತ್ರಿಕೆಯೂ ಬಂತು. ಒಂದು ಪ್ರತಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುತ್ತಿತ್ತು. ನಮ್ಮಲ್ಲಿ ಊರ ಅಂಗಡಿಯ ಜಗಲಿಯಲ್ಲಿ ಅಕ್ಷರ ಬಲ್ಲ ಒಬ್ಬರು ಓದುವುದು, ಹತ್ತು ಜನ ಎಲೆಯಡಿಕೆ ಹಾಕುತ್ತಾ ಕೇಳುವುದು ನಾನು ಬಾಲ್ಯದಲ್ಲಿ ಕಂಡ ದೃಶ್ಯ.

ಹೆಂಗಸರ ದನಿ ಅಲ್ಲಿಯ ಪತ್ರಿಕೆಗೆ ಬಂದದ್ದು 1885ರಲ್ಲಿ. ಬ್ರಿಯೆಟ್ ಬ್ಯಾರ್ನ್‌ಹೇದಿನ್ಸ್‌ದೋತಿರ್ ಎಂಬ ರೈತರ ಮಗಳು ಹೆಣ್ಣುಮಕ್ಕಳ ಓದು ಮತ್ತು ಹಕ್ಕುಗಳ ಬಗ್ಗೆ ಬರೆದ ಲೇಖನವನ್ನು 'ಫ್ಯಾಟ್ಲ್‌ಕೋನನ್' ಪತ್ರಿಕೆ ಕಾವ್ಯನಾಮದಲ್ಲಿ ಅಚ್ಚು ಹಾಕಿತು. ಹತ್ತು ವರ್ಷಗಳ ನಂತರ, 1895ರಲ್ಲಿ, ಆಕೆಯೇ 'ಕ್ವೆನ್ನಾಬ್ಲಾದಿದ್' ಎಂಬ ಮಹಿಳಾ ಪತ್ರಿಕೆ ಆರಂಭಿಸಿ ಸುಮಾರು ಕಾಲು ಶತಮಾನ ನಡೆಸಿದರು. 1908ರಲ್ಲಿ ರೇಕ್ಯಾವಿಕ್ ನಗರಸಭೆಗೆ ಆರಿಸಿಬಂದರು. 1915ರಲ್ಲಿ ನಲವತ್ತು ದಾಟಿದ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿತು. ಇಂದು ಅಲ್ಲಿನ ಯಾವ ವಿದ್ಯಾರ್ಥಿನಿಯಾದರೂ ಆ ಪತ್ರಿಕೆಯ ಪ್ರತಿ ಪುಟವನ್ನೂ ಓದಿ, ಅಡುಗೆಯ ಸಲಹೆಯ ಪಕ್ಕದಲ್ಲೇ ಮತದಾನದ ವಾದ ಹೇಗೆ ಕೂತಿತ್ತೆಂದು ನೋಡಬಲ್ಲಳು. ನಂಜನಗೂಡು ತಿರುಮಲಾಂಬ ಅವರ 'ಕರ್ನಾಟಕ ನಂದಿನಿ'ಯನ್ನು, ಆರ್. ಕಲ್ಯಾಣಮ್ಮನವರ 'ಸರಸ್ವತಿ'ಯನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಹೆಸರಿಸಿದ್ದೇವೋ ಲೆಕ್ಕವಿಲ್ಲ. ಹೆಸರಿಸಿದವರಲ್ಲಿ ಒಂದು ಸಂಚಿಕೆಯನ್ನಾದರೂ ಕೈಯಲ್ಲಿ ಹಿಡಿದವರು ಎಷ್ಟು ಮಂದಿ ಎಂದು ನನ್ನನ್ನೂ ಸೇರಿಸಿಕೊಂಡೇ ಕೇಳುತ್ತಿದ್ದೇನೆ.

ಇಪ್ಪತ್ತನೇ ಶತಮಾನದ ಐಸ್‌ಲ್ಯಾಂಡಿನ ಪತ್ರಿಕೆಗಳನ್ನು ಇಷ್ಟು ವಿವರವಾಗಿ ಹೇಳಬೇಕಿಲ್ಲ. ಡಿ.ವಿ.ಜಿ. ಬೆಂಗಳೂರಿನಲ್ಲಿ 'ಕರ್ನಾಟಕ' ಪತ್ರಿಕೆ ಆರಂಭಿಸಿದ 1913ರಲ್ಲೇ, ನವೆಂಬರ್ 2ರಂದು, 'ಮೊರ್ಗುನ್‌ಬ್ಲಾದಿದ್' ದಿನಪತ್ರಿಕೆ ಹುಟ್ಟಿ ಇಂದಿಗೂ ನಡೆಯುತ್ತಿದೆ. ಒಂದೊಂದು ರಾಜಕೀಯ ಪಕ್ಷಕ್ಕೆ ಒಂದೊಂದು ಪತ್ರಿಕೆ ಎಂಬಂತೆ ದಶಕಗಳು ಕಳೆದವು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ದ್ವೀಪವನ್ನು ಆಕ್ರಮಿಸಿದ್ದಾಗ, 1941ರಲ್ಲಿ, ಎಡಪಂಥೀಯ 'ಥ್ಯೋದ್‌ವಿಲ್ಯಿನ್' ಪತ್ರಿಕೆಯನ್ನು ನಿಷೇಧಿಸಿ ಅದರ ಸಂಪಾದಕರನ್ನು ಹಡಗಿನಲ್ಲಿ ಬ್ರಿಟನ್ನಿಗೆ ಒಯ್ದರು. ಆ ಪತ್ರಿಕೆ ಮತ್ತೆ ಎದ್ದು 1992ರವರೆಗೆ ನಡೆಯಿತು. 2001ರಲ್ಲಿ ಮನೆಮನೆಗೆ ಉಚಿತವಾಗಿ ಬೀಳತೊಡಗಿದ 'ಫ್ರೆಟ್ಟಾಬ್ಲಾದಿದ್' 2023ರ ಮಾರ್ಚಿನಲ್ಲಿ ಮುಚ್ಚಿತು. ಅಂದರೆ ಅಲ್ಲಿಯೂ ಪತ್ರಿಕೆಗಳು ಸಾಯುತ್ತವೆ, ನಷ್ಟದಲ್ಲಿ ಮುಳುಗುತ್ತವೆ. ಪತ್ರಿಕೆ ಸತ್ತರೂ ಅದರ ಪುಟಗಳು ಸಾಯದಂತೆ ನೋಡಿಕೊಂಡದ್ದು ಮಾತ್ರ ಅವರ ಸಾಧನೆ.

ಮೊರ್ಗುನ್‌ಬ್ಲಾದಿದ್‌ನ ಒಂದು ಪದ್ಧತಿ ನನ್ನ ಮನಸ್ಸಿನಲ್ಲಿ ಕುಳಿತಿದೆ. ತೀರಿಕೊಂಡ ಸಾಮಾನ್ಯ ಜನರ ಬಗ್ಗೆ ಅವರ ಮಕ್ಕಳು, ಮೊಮ್ಮಕ್ಕಳು, ನೆರೆಯವರು, ಸಹೋದ್ಯೋಗಿಗಳು ತಾವೇ ಬರೆದ ನೆನಪಿನ ಬರಹಗಳನ್ನು ಆ ಪತ್ರಿಕೆ ಪುಟಗಟ್ಟಲೆ ಅಚ್ಚು ಹಾಕುತ್ತದೆ. ಮೀನುಗಾರ, ದಾದಿ, ಶಾಲೆಯ ಅಡುಗೆಯಾಕೆ, ಕುರಿ ಸಾಕಿದ ಮುದುಕ, ಯಾರೇ ಆಗಲಿ, ಅವರ ಬದುಕಿನ ಒಂದು ಕಿರುಚಿತ್ರ ಅಲ್ಲಿ ಉಳಿಯುತ್ತದೆ. ಆ ಪುಟಗಳೂ ಸಂಗ್ರಹಕ್ಕೆ ಸೇರಿರುವುದರಿಂದ, ಚರಿತ್ರೆಕಾರರಿಗೆ ಮಂತ್ರಿಗಳ ಭಾಷಣದ ಪಕ್ಕದಲ್ಲೇ ಅಡುಗೆಯಾಕೆಯ ಜೀವನವೂ ಸಿಗುತ್ತದೆ.

ಇನ್ನು ಇದೆಲ್ಲ ಉಳಿದದ್ದು ಹೇಗೆ ಎಂಬ ಮುಖ್ಯ ಸಂಗತಿಗೆ ಬರುತ್ತೇನೆ. 'ಅವರು ಶ್ರೀಮಂತರು, ಮಾಡಿಕೊಂಡರು' ಎಂಬ ಉತ್ತರವನ್ನು ನಾನು ಈಗಾಗಲೇ ಕೇಳಿದ್ದೇನೆ. ಅಚ್ಚಾದ ಪ್ರತಿಯೊಂದನ್ನೂ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾನೂನನ್ನು ಐಸ್‌ಲ್ಯಾಂಡ್ ಮಾಡಿದ್ದು 1886ರಲ್ಲಿ. ಆಗ ಅದು ಯೂರೋಪಿನ ಅತಿ ಬಡ ನಾಡುಗಳಲ್ಲೊಂದು. ಹಿಮಗಡ್ಡೆ ಕರಾವಳಿಯನ್ನು ಮುಚ್ಚಿ, ಹುಲ್ಲು ಬೆಳೆಯದೆ, ಜನ ಗುಂಪು ಗುಂಪಾಗಿ ಕೆನಡಾದ ಹಡಗು ಹತ್ತುತ್ತಿದ್ದ ಕಾಲ ಅದು. 1870ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಹಾಗೆ ಹೊರಟುಹೋದವರು 15 ಸಾವಿರದಷ್ಟು, ಎಂಬತ್ತು ಸಾವಿರವೂ ತುಂಬಿರದ ದೇಶದಿಂದ. ಕಾನೂನು ಬಂದ ಅದೇ 1886ರಲ್ಲಿ ವಲಸಿಗರು ವಿನ್ನಿಪೆಗ್‌ನಲ್ಲಿ ತಮ್ಮ ಭಾಷೆಯ 'ಹೇಮ್ಸ್‌ಕ್ರಿಂಗ್ಲಾ' ಪತ್ರಿಕೆ ಆರಂಭಿಸಿದರು, 1888ರಲ್ಲಿ 'ಲೋಗ್‌ಬೆರ್ಗ್' ಬಂತು. ಎರಡೂ 1959ರಲ್ಲಿ ಒಂದಾದವು. ಊರು ಬಿಟ್ಟವರ ಆ ಪತ್ರಿಕೆಗಳನ್ನೂ ತಾಯ್ನಾಡು ತನ್ನ ಸಂಗ್ರಹದೊಳಗೆ ಸೇರಿಸಿಕೊಂಡಿದೆ. ಉಳಿಸುವ ನಿರ್ಧಾರ ಬಡತನದಲ್ಲಿ ಆಯಿತು. ಸಿರಿ ಬಂದಾಗ ಆ ಉಳಿತಾಯದ ಫಲ ಸಿಕ್ಕಿತು. ಈ ಶತಮಾನದ ಆರಂಭದಲ್ಲಿ ಫ್ಯಾರೋ ದ್ವೀಪಗಳು ಮತ್ತು ಗ್ರೀನ್‌ಲ್ಯಾಂಡಿನ ಗ್ರಂಥಾಲಯಗಳ ಜೊತೆಗೂಡಿ ಐಸ್‌ಲ್ಯಾಂಡ್ ಈ ಜಾಲಸಂಗ್ರಹವನ್ನು ಕಟ್ಟತೊಡಗಿತು. ಇಂದು ಅದರಲ್ಲಿ ಸುಮಾರು 60 ಲಕ್ಷ ಪುಟಗಳಿವೆ. ಪ್ರತಿ ಪುಟದ ಅಕ್ಷರಗಳನ್ನೂ ಯಂತ್ರ ಓದಿಟ್ಟಿರುವುದರಿಂದ ಒಂದು ಪದ ಕೊಟ್ಟು ಹುಡುಕಬಹುದು. ನಡೆಯುತ್ತಿರುವ ಪತ್ರಿಕೆಗಳ ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು, ಅವರ ವ್ಯಾಪಾರಕ್ಕೆ ಧಕ್ಕೆಯಾಗದಂತೆ ಕೆಲವು ವರ್ಷಗಳ ಅಂತರ ಬಿಟ್ಟು ಹೊಸ ಸಂಚಿಕೆಗಳನ್ನೂ ಸೇರಿಸುತ್ತಾ ಬಂದಿದ್ದಾರೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1954ರ ಕೇಂದ್ರ ಕಾಯ್ದೆಯಂತೆ ದೇಶದ ಪ್ರತಿ ಪ್ರಕಾಶಕರು ಪುಸ್ತಕದ ಪ್ರತಿಗಳನ್ನು ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಪ್ಪಿಸಬೇಕು; 1956ರ ತಿದ್ದುಪಡಿ ವೃತ್ತಪತ್ರಿಕೆಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಪುಸ್ತಕಗಳಿಗೆ ಗೊತ್ತಾದ ಆ ನಾಲ್ಕು ಗ್ರಂಥಾಲಯಗಳು ಇರುವುದು ಕೋಲ್ಕತ್ತ, ಚೆನ್ನೈ, ಮುಂಬೈ ಮತ್ತು ದೆಹಲಿಯಲ್ಲಿ. ನಾಲ್ಕರಲ್ಲಿ ಒಂದೂ ಕನ್ನಡ ನೆಲದಲ್ಲಿಲ್ಲ. ಏಕೀಕರಣಕ್ಕೆ ಮುಂಚಿನ ಕಾಲವಂತೂ ಇನ್ನೂ ಚದುರಿದೆ: ಮಂಗಳೂರು, ಬಳ್ಳಾರಿಗಳ ಪತ್ರಿಕೆಗಳು ಮದರಾಸು ಪ್ರಾಂತ್ಯದವು, ಧಾರವಾಡ, ಬೆಳಗಾವಿ, ಕಾರವಾರದವು ಮುಂಬಯಿ ಪ್ರಾಂತ್ಯದವು, ಕಲಬುರ್ಗಿ, ರಾಯಚೂರಿನವು ನಿಜಾಮರ ಹೈದರಾಬಾದಿನವು, ಮೈಸೂರು ಮತ್ತು ಕೊಡಗಿನವು ಬೇರೆ ಬೇರೆ. ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಒಂದು ವರ್ಷದೊಳಗೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಆ ಜುಲೈ 1ನ್ನು ನಾವು ಪ್ರತಿ ವರ್ಷ ಪತ್ರಿಕಾ ದಿನವೆಂದು ಆಚರಿಸುತ್ತೇವೆ, ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಆ ದಿನ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ.

ಕಾಲ ನಮ್ಮ ಕಡೆಗಿಲ್ಲ ಎಂಬುದನ್ನು ತಾವು ಗಮನಿಸಬೇಕು. ಹ್ರಾಪ್ಸೇ ದ್ವೀಪದ 1773ರ ಕಾಗದ ಹಳೆಯ ಬಟ್ಟೆಯ ಚಿಂದಿಯಿಂದ ಆದದ್ದು. ಅದು ಇನ್ನೂ ಗಟ್ಟಿಯಾಗಿದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಗಾಳಿ ಬೆಳಕುಗಳಿಗೆ ಹಳದಿಯಾಗಿ, ಕಾಗದದೊಳಗೇ ಹುಟ್ಟುವ ಆಮ್ಲ ಎಳೆಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಬಿಸಿಲು ಮತ್ತು ತೇವ ಎರಡೂ ಹೆಚ್ಚಿರುವ ನಮ್ಮ ಊರುಗಳಲ್ಲಿ ಅದು ಇನ್ನೂ ಬೇಗ. ಆದ್ದರಿಂದ ನೂರೆಂಬತ್ತು ವರ್ಷಗಳ ಪುಟಕ್ಕಿಂತ ಎಂಬತ್ತು ವರ್ಷಗಳ ಪುಟ ಹೆಚ್ಚು ಅಪಾಯದಲ್ಲಿರಬಹುದು. ಎರಡನೇ ಮಹಾಯುದ್ಧದ ಕಾಗದದ ಅಭಾವದಲ್ಲಿ ಸಿಕ್ಕಿದ ಹಾಳೆಯ ಮೇಲೆ ಅಚ್ಚಾದ, ಕ್ವಿಟ್ ಇಂಡಿಯಾ ಚಳವಳಿಯ ಸುದ್ದಿ ಹೊತ್ತ ಪತ್ರಿಕೆಗಳು ಎಲ್ಲಕ್ಕಿಂತ ಮೊದಲು ಹೋಗುತ್ತವೆ.

ಹಾಗಾದರೆ ಏನು ಮಾಡಬೇಕು? ಮೊದಲು ಯಾವ ಪತ್ರಿಕೆಯ ಯಾವ ವರ್ಷದ ಯಾವ ಸಂಚಿಕೆ ಎಲ್ಲಿದೆ ಎಂಬ ಒಂದೇ ಒಂದು ಪಟ್ಟಿ ಆಗಬೇಕು. ವಿಶ್ವವಿದ್ಯಾಲಯಗಳು, ಮಠಗಳು, ಕನ್ನಡ ಸಂಘಗಳು, ಪತ್ರಿಕಾ ಕಚೇರಿಗಳ ಹಳೆಯ ಫೈಲುಗಳು, ಮನೆಗಳ ಅಟ್ಟಗಳು, ಚೆನ್ನೈ, ಮುಂಬೈ, ಹೈದರಾಬಾದು, ಕಾಸರಗೋಡು, ಸೊಲ್ಲಾಪುರ, ಸ್ವಿಟ್ಜರ್ಲೆಂಡಿನ ಬಾಸೆಲ್ ಎಲ್ಲವೂ ಅದರಲ್ಲಿ ಬರಬೇಕು. ಅದಕ್ಕೆ ಯಂತ್ರ ಬೇಡ. ಓಡಾಡುವ ಕಾಲು, ಬರೆದುಕೊಳ್ಳುವ ಕೈ ಮತ್ತು ಒಂದು ಸರ್ಕಾರಿ ಆದೇಶ ಸಾಕು. ಆಮೇಲೆ, ಕನಿಷ್ಠ 1965ರವರೆಗಿನ ಪ್ರತಿ ಪುಟದ ಚಿತ್ರವನ್ನು ತೆಗೆಯಬೇಕು, ದುರ್ಬಲ ಕಾಗದದಿಂದ ಆರಂಭಿಸಿ. ಜಾಹೀರಾತು, ಪಂಚಾಂಗ, ಮಳೆಯ ವರದಿ, ಧಾರಣೆಯ ಪಟ್ಟಿ, ಶ್ರದ್ಧಾಂಜಲಿ, ಯಾವುದನ್ನೂ ಬಿಡಬಾರದು. ಯಾವುದು ಮುಖ್ಯವೆಂದು ಆರಿಸುವ ಅಧಿಕಾರ ನಮಗಿಲ್ಲ, ಮುಂದೆ ಓದುವವರಿಗಿದೆ. ಹಕ್ಕುಸ್ವಾಮ್ಯದ ತೊಡಕನ್ನು ಮುಂದೊಡ್ಡುವವರಿಗೆ ಒಂದು ಮಾತು: ನಮ್ಮ ಕಾನೂನಿನಲ್ಲಿ ಸಹಿಯಿಲ್ಲದ ಬರಹಗಳ ಹಕ್ಕು ಪ್ರಕಟವಾದ 60 ವರ್ಷಗಳಿಗೆ ಮುಗಿಯುತ್ತದೆ, ಹಳೆಯ ಸುದ್ದಿಪುಟಗಳ ಬಹುಪಾಲು ಅಂಥದ್ದೇ. ಉಳಿದುದಕ್ಕೆ ಐಸ್‌ಲ್ಯಾಂಡಿನವರಂತೆ ಮಾಲೀಕರೊಡನೆ ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದು. ಇಂದಿನ ಪತ್ರಿಕೆಗಳು ಅಚ್ಚಿಗೆ ಹೋಗುವ ಮುನ್ನವೇ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತವೆ. ಆ ಕಡತದ ಒಂದು ಪ್ರತಿ ಪ್ರತಿದಿನ ರಾಜ್ಯದ ಗ್ರಂಥಾಲಯಕ್ಕೆ ಸೇರಲಿ.

ಹಣದ ಮಾತು ಬಂದೇ ಬರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರವನ್ನು ನಾವೇ ಕಟ್ಟುತ್ತಿದ್ದೇವೆ. ಗ್ರಂಥಾಲಯಕ್ಕೆಂದು ಜನ ಕೊಟ್ಟ ಹಣದ ಒಂದು ಪಾಲು ಗ್ರಂಥಾಲಯದೊಳಗೆ ಸಾಯುತ್ತಿರುವುದನ್ನು ಬದುಕಿಸಲು ಹೋಗುವುದಕ್ಕಿಂತ ನ್ಯಾಯವಾದ ವೆಚ್ಚ ಯಾವುದು?

ಚಿತ್ರ ತೆಗೆದರೆ ಮುಗಿಯಲಿಲ್ಲ, ಹುಡುಕಲು ಆಗಬೇಕು. ಇಲ್ಲಿ ನನ್ನ ಕಸುಬಿನ ಅನುಭವದಿಂದ ಒಂದೆರಡು ಮಾತು ಹೇಳಲು ಅನುಮತಿಯಿರಲಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸವೆದ ಮೊಳೆಯಲ್ಲಿ ಅಚ್ಚಾದಾಗ 'ತ್ತ' ಯಾವುದು, 'ತ್ರ' ಯಾವುದು ಎಂದು ಯಂತ್ರ ತಪ್ಪುತ್ತದೆ. ಸೊನ್ನೆಯ ಮಸಿ ಹರಡಿದರೆ 'ರ'ದಂತೆ ಕಾಣುತ್ತದೆ. ಹಳೆಯ ಪತ್ರಿಕೆಗಳಲ್ಲಿ 'ಎಂದು' ಎಂಬುದು 'ಯೆಂದು' ಎಂದೂ, 'ಒಂದು' ಎಂಬುದು 'ವೊಂದು' ಎಂದೂ ಇರುತ್ತದೆ. ಇಂದಿನ ಕಾಗುಣಿತದಲ್ಲಿ ಹುಡುಕಿದವರಿಗೆ ಅವು ಸಿಗುವುದಿಲ್ಲ. ಫ್ಯೋಲ್ನಿರ್‌ನ ಹಟಮಾರಿ ಕಾಗುಣಿತ ಮತ್ತು ಗಾಥಿಕ್ ಅಚ್ಚಿನ ಹಳೆಯ ಹಾಳೆಗಳು ಐಸ್‌ಲ್ಯಾಂಡಿನವರಿಗೂ ಇದೇ ಕಷ್ಟ ಕೊಟ್ಟಿರಬೇಕು. ಅವರು ಅದಕ್ಕಾಗಿ ಕೆಲಸ ನಿಲ್ಲಿಸಲಿಲ್ಲ. ಯಂತ್ರ ತಪ್ಪಿದ್ದನ್ನು ಮನುಷ್ಯರು ತಿದ್ದಬೇಕು. ಈ ರಾಜ್ಯದಲ್ಲಿ ನನ್ನಂತೆ ಕರಡು ತಿದ್ದಿ ನಿವೃತ್ತರಾದವರು, ಮೊಳೆ ಜೋಡಿಸಿದ ಹಿರಿಯರು, ಕನ್ನಡ ಮೇಷ್ಟರುಗಳು ಊರೂರಲ್ಲಿದ್ದಾರೆ. ಸಂಬಳ ಕೇಳದೆ ದಿನಕ್ಕೆ ಎರಡು ಪುಟ ತಿದ್ದಿಕೊಡಿ ಎಂದರೆ ಎದ್ದು ಬರುವವರು ಬಹಳ ಮಂದಿ ಸಿಗುತ್ತಾರೆಂದು ಅವರಲ್ಲೊಬ್ಬನಾಗಿ ನಾನು ಹೇಳಬಲ್ಲೆ.

ನನ್ನ ತಂದೆ ತರಿಸುತ್ತಿದ್ದ ಮಾಸಪತ್ರಿಕೆಗಳ ಹನ್ನೊಂದು ವರ್ಷಗಳ ಸಂಚಿಕೆಗಳು ನಮ್ಮ ಮನೆಯ ಅಟ್ಟದಲ್ಲಿವೆ. ಪ್ರತಿ ಬೇಸಿಗೆಯಲ್ಲಿ ಇಳಿಸಿ, ಬೇವಿನ ಎಲೆ ಬದಲಿಸಿ, ಮತ್ತೆ ಹಳೆಯ ಪಂಚೆಯಲ್ಲಿ ಸುತ್ತಿಡುತ್ತೇನೆ. ಈಗ ಏಣಿ ಹತ್ತುವುದು ಕಷ್ಟವಾಗುತ್ತಿದೆ. ಅವನ್ನು ಎಲ್ಲಿಗೆ ತಂದು ಒಪ್ಪಿಸಬೇಕೆಂದು ತಾವು ತಿಳಿಸಿದರೆ, ಬರುವ ಮಳೆಗಾಲಕ್ಕೆ ಮುಂಚೆ ನಾನೇ ತರುತ್ತೇನೆ. ನನಗಾಗಿ ಒಂದು ಮೇಜು, ಒಂದು ದೀಪ ಮತ್ತು ತಿದ್ದಲು ಪುಟಗಳನ್ನು ಕೊಟ್ಟರೆ ಅಲ್ಲೇ ಕೂರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುಗ